ಬೆನ್ನಿನ ಲಟಿಕೆ ಮುರಿದರೆ ಬಲ ಬರುತ್ತದೆಯೇ?

1961ರಲ್ಲಿ ಮಿಚಿಯೋ ಇಕಾಯ್ ಮತ್ತು ಆರ್ಥರ್ ಸ್ಟೈನ್‌ಹೌಸ್ ಎಂಬ ಇಬ್ಬರು ಶರೀರಶಾಸ್ತ್ರಜ್ಞರು ಸ್ನಾಯುಬಲದ ಬಗ್ಗೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ನೋಡಲು ಬಹಳ ಸರಳವಾದ ಪ್ರಯೋಗ. ಕೂತ ಮನುಷ್ಯ ನಿಮಿಷಕ್ಕೊಮ್ಮೆ ಮೊಣಕೈ ಮಡಚಿ, ಅಳತೆಯ ಯಂತ್ರಕ್ಕೆ ಕಟ್ಟಿದ ತಂತಿಯನ್ನು ತನ್ನ ಕೈಲಾದಷ್ಟೂ ಬಲ ಹಾಕಿ ಎಳೆಯಬೇಕು. ಅರ್ಧ ಗಂಟೆ ಹೀಗೇ ನಡೆಯಬೇಕು. ನಡುನಡುವೆ, ಮುನ್ಸೂಚನೆಯೇ ಇಲ್ಲದೆ, ಅವನ ಹಿಂದೆ ಓಟದ ಪಂದ್ಯದಲ್ಲಿ ಹಾರಿಸುವಂಥ ಪಿಸ್ತೂಲು ಢಂ ಎನ್ನುತ್ತದೆ. ಆ ಸದ್ದಾದ ಕೆಲವೇ ಸೆಕೆಂಡುಗಳ ಬಳಿಕ ಎಳೆದಾಗ ಬಲ ಸರಾಸರಿ ಶೇ 7ರಷ್ಟು ಹೆಚ್ಚಿತ್ತು. ಎಳೆಯುವಾಗ ತಾನೇ ಗಟ್ಟಿಯಾಗಿ ಕೂಗಿಕೊಂಡರೆ ಶೇ 12ರಷ್ಟು ಹೆಚ್ಚಿತು. ಸಂಮೋಹನಕ್ಕೆ ಒಳಪಡಿಸಿದಾಗ ಇನ್ನೂ ಮೇಲೇರಿತು.

ಅಷ್ಟರೊಳಗೆ ತೋಳಿನ ಸ್ನಾಯು ದಪ್ಪವಾಗಿರಲಿಲ್ಲ. ಒಳಗಿದ್ದದ್ದೇ ಹೊರಗೆ ಬಂದಿತ್ತು. ಮನುಷ್ಯ ಪೂರ್ತಿ ಶಕ್ತಿ ಹಾಕಿದ್ದೇನೆ ಎಂದುಕೊಂಡು ಎಳೆಯುವಾಗಲೂ ಮಿದುಳು ಸ್ನಾಯುಗಳನ್ನು ಪೂರ್ತಿ ದುಡಿಸುವುದಿಲ್ಲ, ಒಂದು ಪಾಲನ್ನು ತಡೆದಿಟ್ಟುಕೊಂಡಿರುತ್ತದೆ. ಗರಡಿಯ ಪೈಲ್ವಾನರು ಮಟ್ಟಿಗಿಳಿಯುವಾಗ ತೊಡೆ ತಟ್ಟುವುದರ ಹಿಂದೆ, ಭಾರ ಎತ್ತುವವರು ಎತ್ತುವ ಕ್ಷಣದಲ್ಲಿ ಅಬ್ಬರಿಸುವುದರ ಹಿಂದೆ ಈ ದೇಹಸತ್ಯವೂ ಇದೆ. ಎದುರಾಳಿಯನ್ನು ಬೆದರಿಸುವುದಷ್ಟೇ ಅದರ ಕೆಲಸವಲ್ಲ.

ಈಗ ಮೊಬೈಲ್ ತೆರೆದರೆ ಇನ್ನೊಂದು ಬಗೆಯ ಸದ್ದು ಕಿವಿಗೆ ಬೀಳುತ್ತದೆ. ಮೇಜಿನ ಮೇಲೆ ಮಲಗಿದ ಆಟಗಾರ, ಅವನ ಬೆನ್ನಿನ ಮೇಲೆ ಬಾಗಿ ನಿಂತ ಚಿಕಿತ್ಸಕ, ಒಂದು ಒತ್ತು, 'ಟಕ್'. ಆಟಗಾರ ಎದ್ದು ನಕ್ಕು ಕೈಕಾಲು ಕೊಡವುತ್ತಾನೆ. ವಿಡಿಯೊದ ಕೆಳಗೆ, ನರಗಳ ತಡೆ ನಿವಾರಣೆಯಾಯಿತು, ಸ್ನಾಯುಗಳಿಗೆ ಪೂರ್ತಿ ಶಕ್ತಿ ಹರಿಯುತ್ತಿದೆ, ಓಟದ ವೇಗ ಹೆಚ್ಚುತ್ತದೆ ಎಂಬ ಮಾತುಗಳು. ನಗರಗಳ ಕ್ರೀಡಾ ಚಿಕಿತ್ಸಾಲಯಗಳಲ್ಲಿ ನೋವಿಲ್ಲದ, ಗಾಯವಿಲ್ಲದ, ಹದಿನೈದು ಹದಿನಾರರ ಹುಡುಗ ಹುಡುಗಿಯರಿಗೂ ಈ ಭರವಸೆಯ ಮೇಲೆ ಬೆನ್ನು, ಕುತ್ತಿಗೆ ತಿರುಚಲಾಗುತ್ತಿದೆ. ಉದ್ದೀಪನ ಮದ್ದಿನ ಪಟ್ಟಿಯಲ್ಲಿ ಇದು ಇಲ್ಲ, ನುಂಗಬೇಕಾದ್ದು ಏನೂ ಇಲ್ಲ, ನಾಲ್ಕು ನಿಮಿಷದ ಕೆಲಸ. ಮಗ ಅಥವಾ ಮಗಳು ರಾಜ್ಯ ತಂಡಕ್ಕೆ ಒಂದು ಹೆಜ್ಜೆ ದೂರದಲ್ಲಿರುವಾಗ ಯಾವ ತಂದೆ ತಾಯಿಗೂ ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಅದಕ್ಕೇ ಈ ಭರವಸೆಯನ್ನು ಒರೆಗೆ ಹಚ್ಚಬೇಕಾಗಿದೆ.

ಬೆನ್ನುಮೂಳೆಯನ್ನು ಕೈಯಿಂದ ಸರಿಪಡಿಸುವ ಪದ್ಧತಿ ಹೊಸದೇನಲ್ಲ. ಉಳುಕು ತೆಗೆಯುವವರು ನಮ್ಮ ಊರೂರುಗಳಲ್ಲಿ ಇದ್ದರು. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಒದ್ದರೆ ಸೊಂಟ ಹಿಡಿದದ್ದು ಬಿಡುತ್ತದೆ ಎಂಬ ನಂಬಿಕೆ ಕೆಲವು ಕಡೆ ಇಂದಿಗೂ ಉಂಟು. ಅದು ವೃತ್ತಿಯ ರೂಪ ಪಡೆದದ್ದು ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಆಸ್ಟಿಯೋಪಥಿ ಶಾಲೆ ತೆರೆದರು. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಅವರು ಹಾರ್ವಿ ಲಿಲಾರ್ಡ್ ಎಂಬ ಕೆಲಸಗಾರನ ಬೆನ್ನಿನ ಒಂದು ಮಣಿಯನ್ನು ಒತ್ತಿ ಅವನ ಕಿವುಡು ವಾಸಿಮಾಡಿದ್ದಾಗಿ ಹೇಳಿಕೊಂಡರು. ಕೈರೋಪ್ರಾಕ್ಟಿಕ್ ಆರಂಭವಾದದ್ದು ಅಲ್ಲಿಂದ. ಮಣಿಗಳು ಜಾಗ ತಪ್ಪಿ ನರಗಳನ್ನು ಅದುಮುವುದೇ ರೋಗಗಳ ಮೂಲ ಎಂದು ಪಾಮರ್ ನಂಬಿದ್ದರು. ಅಂಥ ಜಾಗ ತಪ್ಪುವಿಕೆಯನ್ನು ಎಕ್ಸ್‌ರೇಯಲ್ಲೂ ಎಂಆರ್‌ಐಯಲ್ಲೂ ಯಾರೂ ತೋರಿಸಿಲ್ಲ. ಇಂದಿನ ವಿಚಾರವಂತ ಕೈರೋಪ್ರಾಕ್ಟರ್‌ಗಳೂ ಆ ಸಿದ್ಧಾಂತವನ್ನು ಕೈಬಿಟ್ಟಿದ್ದಾರೆ. ಆದರೆ ಚಿಕಿತ್ಸಾಲಯದ ಗೋಡೆಯ ಚಿತ್ರಗಳಲ್ಲಿ ಅದು ಇನ್ನೂ ಉಳಿದಿದೆ.

ಚಿಕಿತ್ಸೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಸೊಂಟದ ಚಿಕಿತ್ಸೆಗಾದರೆ ಆಟಗಾರ ಒಂದು ಮಗ್ಗುಲಿಗೆ ಮಲಗುತ್ತಾನೆ. ಮೇಲಿನ ಕಾಲನ್ನು ಮಡಚಿ, ಪಾದವನ್ನು ಕೆಳಗಿನ ಕಾಲಿನ ಮಂಡಿಯ ಹಿಂದೆ ಸಿಕ್ಕಿಸುತ್ತಾರೆ. ಚಿಕಿತ್ಸಕರ ಒಂದು ಕೈ ಅವನ ಭುಜವನ್ನು ಹಿಂದಕ್ಕೆ ತಳ್ಳುತ್ತದೆ, ಇನ್ನೊಂದು ಕೈಯ ಬುಡ ಸೊಂಟದ ಮಣಿಯ ಮೇಲೆ ಕೂರುತ್ತದೆ. ನಿಧಾನವಾಗಿ ತಿರುಚುತ್ತಾ ಹೋದಂತೆ ಕೀಲುಗಳಲ್ಲಿ ಇರುವ ಸಡಿಲವೆಲ್ಲ ತೀರಿ ಮೈ ಬಿಗಿಯುವ ಹಂತ ಬರುತ್ತದೆ. 'ಉಸಿರು ಬಿಡಿ' ಎನ್ನುತ್ತಾರೆ. ಉಸಿರು ಹೊರಹೋಗಿ ಸ್ನಾಯು ಮೆತ್ತಗಾದ ಕ್ಷಣಕ್ಕೆ ಒಂದು ಚುರುಕಾದ ಒತ್ತು. ಆ ಒತ್ತು ಸೆಕೆಂಡಿನ ಐದನೇ ಒಂದು ಭಾಗದೊಳಗೆ ಮುಗಿದಿರುತ್ತದೆ. ಮೈ ಎದುರಿಸಿ ಬಿಗಿದುಕೊಳ್ಳುವಷ್ಟು ಸಮಯವೇ ಇರುವುದಿಲ್ಲ.

ಸದ್ದಿಗೆ ಮೂಳೆ ಕಾರಣವಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಹಠಾತ್ತನೆ ಇಳಿದಾಗ ಅನಿಲದ ಗುಳ್ಳೆ ಏಳುತ್ತದೆ. ಬೆರಳಿನ ಲಟಿಕೆಯಲ್ಲೂ ನಡೆಯುವುದು ಅದೇ. ಗುಳ್ಳೆ ಹುಟ್ಟುವಾಗ ಸದ್ದಾಗುತ್ತದೋ ಒಡೆಯುವಾಗಲೋ ಎಂಬ ಬಗ್ಗೆ ವಿಜ್ಞಾನಿಗಳು ದಶಕಗಳಿಂದ ವಾದಿಸುತ್ತಿದ್ದಾರೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ರೆಗ್ ಕಾಚಕ್ ಅವರ ತಂಡ ಬೆರಳಿನ ಕೀಲನ್ನು ಎಂಆರ್‌ಐಯೊಳಗೆ ಎಳೆದು, ಗುಳ್ಳೆ ಹುಟ್ಟುವುದನ್ನು ಚಿತ್ರೀಕರಿಸಿತು. ಒಮ್ಮೆ ಲಟಿಕೆ ಬಂದ ಕೀಲು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಮಣಿ ಜಾಗಕ್ಕೆ ಕೂತಿತು ಎಂಬುದಕ್ಕೆ ಆ ಸದ್ದು ಸಾಕ್ಷಿಯಲ್ಲ. ಚಿಕಿತ್ಸೆ ಪಡೆದವನ ಮನಸ್ಸಿಗೆ ಮಾತ್ರ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ.

ಸ್ನಾಯುಬಲದ ವಾದಕ್ಕೆ ಬೆಂಬಲವೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಬ್ರೆಜಿಲ್‌ನಲ್ಲಿ 18 ಮಂದಿ ಜೂಡೊ ಪಟುಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕುತ್ತಿಗೆಯ ಚಿಕಿತ್ಸೆ ಪಡೆದವರ ಮುಷ್ಟಿಯ ಹಿಡಿತ ಹೆಚ್ಚಿತು, ಹುಸಿ ಚಿಕಿತ್ಸೆ ಪಡೆದವರಲ್ಲಿ ಹಾಗೆ ಹೆಚ್ಚಲಿಲ್ಲ. ಎದುರಾಳಿಯ ಅಂಗಿಯನ್ನು ಹಿಡಿದು ಉರುಳಿಸುವ ಜೂಡೊದಲ್ಲಿ ಮುಷ್ಟಿಯೇ ಮುಖ್ಯ ಎಂಬುದರಿಂದ ಆ ಫಲಿತಾಂಶ ಗಮನ ಸೆಳೆಯಿತು. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿರುವ ಕೈರೋಪ್ರಾಕ್ಟಿಕ್ ಕಾಲೇಜಿನ ಹೈಡಿ ಹಾವಿಕ್, ಇಮ್ರಾನ್ ಖಾನ್ ನಿಯಾಜಿ ಮತ್ತು ಸಂಗಡಿಗರು ಇನ್ನೂ ಆಳಕ್ಕೆ ಇಳಿದರು. ಮೀನಖಂಡದ ಸ್ನಾಯುವಿಗೆ ಹೋಗುವ ನರವನ್ನು ವಿದ್ಯುತ್ತಿನಿಂದ ಚುರುಕುಗೊಳಿಸಿ, ಮಿದುಳಿನಿಂದ ಸ್ನಾಯುವಿಗೆ ಎಷ್ಟು ಜೋರಾದ ಆದೇಶ ಬರುತ್ತಿದೆ ಎಂದು ಅಳೆದರು. 2015ರ ಅವರ ವರದಿಯ ಪ್ರಕಾರ ಬೆನ್ನುಮೂಳೆಯ ಚಿಕಿತ್ಸೆಯಾದ ಮೇಲೆ ಪಾದವನ್ನು ಕೆಳಗೆ ಒತ್ತುವ ಬಲ ಶೇ 16ರಷ್ಟು ಏರಿತ್ತು, ಆದೇಶದ ಅಲೆಯೂ ದೊಡ್ಡದಾಗಿತ್ತು. 2018ರಲ್ಲಿ 11 ಮಂದಿ ಉನ್ನತ ಮಟ್ಟದ ಟೇಕ್ವಾಂಡೊ ಪಟುಗಳ ಮೇಲೆ ನಡೆದ ಅಧ್ಯಯನದಲ್ಲೂ ಬಲ ಹೆಚ್ಚಿದ್ದು ಕಂಡಿತು. ಬಲದ ಆ ಹೆಚ್ಚಳ ಅರ್ಧ ಗಂಟೆಯವರೆಗೆ ಉಳಿದಿತ್ತು.

ಇವು ತಳ್ಳಿಹಾಕುವಂಥ ಪ್ರಯೋಗಗಳಲ್ಲ. ಕುತ್ತಿಗೆಯ ಸಣ್ಣ ಸ್ನಾಯುಗಳಲ್ಲಿ, ಬೆನ್ನುಮೂಳೆಯ ಕೀಲುಗಳಲ್ಲಿ ದೇಹದ ಭಂಗಿಯನ್ನು ಮಿದುಳಿಗೆ ತಿಳಿಸುವ ಸಂವೇದಕ ನರತುದಿಗಳು ದಟ್ಟವಾಗಿವೆ. ಅವುಗಳನ್ನು ಒಮ್ಮೆಲೇ ಕದಡಿದರೆ ಮಿದುಳು ಸ್ನಾಯುಗಳಿಗೆ ಕಳಿಸುವ ಆದೇಶ ಸ್ವಲ್ಪ ಹೊತ್ತು ಬದಲಾಗಬಹುದು. ತರ್ಕ ಸರಿಯಾಗಿಯೇ ಇದೆ. ಆದರೆ ಪ್ರಯೋಗಾಲಯದಲ್ಲಿ ಪಾದ ಒತ್ತುವುದಕ್ಕೂ ಕಂಠೀರವ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ನೂರು ಮೀಟರ್ ಓಡುವುದಕ್ಕೂ ನಡುವೆ ಬಹಳ ದೂರವಿದೆ. ಹನ್ನೊಂದು ಜನ, ಹದಿನೆಂಟು ಜನರಿರುವ ಅಧ್ಯಯನಗಳಿಂದ ಆ ದೂರ ಕ್ರಮಿಸಲಾಗುವುದಿಲ್ಲ.

ಹಾಗೆ ಮೈದಾನದ ಸನಿಹಕ್ಕೆ ಹೋದ ಅಧ್ಯಯನಗಳು ನಿರಾಸೆಯನ್ನೇ ತಂದವು. ಸ್ವೀಡನ್ನಿನಲ್ಲಿ 17 ಮಂದಿ ಯುವ ಓಟಗಾರರನ್ನು ಪರೀಕ್ಷಿಸಿದಾಗ ಸೊಂಟದ ಕೀಲು ಹಿಂದಕ್ಕೆ ಚಾಚುವ ಪ್ರಮಾಣ ಸುಧಾರಿಸಿತು, 30 ಮೀಟರ್ ಓಟದ ವೇಗ ಗಣನೀಯವಾಗಿ ಬದಲಾಗಲಿಲ್ಲ. ಕೆನಡಾದಲ್ಲಿ ಸ್ಪರ್ಧೆಗೆ ಮುನ್ನ ಮಾಡುವ ಚಿಕಿತ್ಸೆಯಿಂದ ಜಿಗಿತದ ಎತ್ತರವೂ ಓಟದ ವೇಗವೂ ಹೆಚ್ಚುತ್ತವೆಯೇ ಎಂದು 2006ರಲ್ಲಿ ನೋಡಿದರು. ಸ್ಪಷ್ಟ ಲಾಭ ಕಾಣಲಿಲ್ಲ. ಅಮೆರಿಕದಲ್ಲಿ ಸೈಕಲ್ ಪಟುಗಳ ಸೊಂಟಕ್ಕೆ ಚಿಕಿತ್ಸೆ ಮಾಡಿ ಸ್ಪ್ರಿಂಟ್ ಅಳೆದರು, ವ್ಯತ್ಯಾಸವಿಲ್ಲ. ನೋವಿಲ್ಲದ 24 ಮಂದಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಕುತ್ತಿಗೆಗೆ ಚಿಕಿತ್ಸೆ ಮಾಡಿ ಮುಷ್ಟಿಬಲವನ್ನೂ ಫ್ರೀ ಥ್ರೋ ಗುರಿಯನ್ನೂ ಅಳೆದಾಗ ಹುಸಿ ಚಿಕಿತ್ಸೆಗಿಂತ ಮೇಲೆನ್ನುವಂಥದ್ದು ಸಿಗಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಇವುಗಳಲ್ಲಿ ಹಲವನ್ನು ನಡೆಸಿದವರು ಕೈರೋಪ್ರಾಕ್ಟರ್‌ಗಳೇ. ತಮ್ಮ ವೃತ್ತಿಗೆ ಅನುಕೂಲವಲ್ಲದ ಫಲಿತಾಂಶವನ್ನು ಅವರು ಮುಚ್ಚಿಡದೆ ಪ್ರಕಟಿಸಿದ್ದು ಗೌರವಕ್ಕೆ ಅರ್ಹ.

2019ರಲ್ಲಿ ಕೆನಡಾದ ಸಂಶೋಧಕರ ಒಂದು ತಂಡ ಇಂಥ ವರದಿಗಳನ್ನೆಲ್ಲ ಒಟ್ಟುಮಾಡಿ ಜರಡಿ ಹಿಡಿಯಿತು. ಸಾವಿರಕ್ಕೂ ಹೆಚ್ಚು ಲೇಖನಗಳಲ್ಲಿ ನಂಬಬಹುದಾದ ಗುಣಮಟ್ಟದ್ದೆಂದು ಉಳಿದವು 20 ಅಧ್ಯಯನಗಳು ಮಾತ್ರ. ನೋವಿಲ್ಲದ ಆರೋಗ್ಯವಂತ ವಯಸ್ಕರಲ್ಲಿ ಬೆನ್ನುಮೂಳೆಯ ಚಿಕಿತ್ಸೆ ಹುಸಿ ಚಿಕಿತ್ಸೆಗಿಂತಲೂ ಬೇರೆ ಉಪಾಯಗಳಿಗಿಂತಲೂ ಹೆಚ್ಚಾಗಿ ಸಾಮರ್ಥ್ಯ ಬೆಳೆಸುವುದಿಲ್ಲ ಎಂಬುದು ಅವರ ತೀರ್ಮಾನ. ಇದು ಪ್ರಕಟವಾದದ್ದೂ ಕೈರೋಪ್ರಾಕ್ಟಿಕ್ ಕ್ಷೇತ್ರದ್ದೇ ಪತ್ರಿಕೆಯಲ್ಲಿ.

ಇಲ್ಲಿ ಇಕಾಯ್ ಮತ್ತು ಸ್ಟೈನ್‌ಹೌಸ್ ಅವರ ಪಿಸ್ತೂಲು ನೆನಪಾಗಬೇಕು. ಒಂದು ಕೂಗು ಶೇ 12ರಷ್ಟು ಬಲವನ್ನು ಹೊರತರಬಲ್ಲದು ಎಂದಾದರೆ, ಚಿಕಿತ್ಸೆಯ ನಂತರ ಕಂಡ ಶೇ 16ರ ಏರಿಕೆಯನ್ನು ಬೆನ್ನುಮೂಳೆಯ ಲೆಕ್ಕಕ್ಕೆ ಬರೆಯುವ ಮುನ್ನ ಬಹಳ ಯೋಚಿಸಬೇಕಾಗುತ್ತದೆ. ಹಠಾತ್ ಒತ್ತು, ಕಿವಿಗೆ ಬೀಳುವ ಸದ್ದು, ಏನೋ ಆಯಿತು ಎಂಬ ಭಾವ, ಬಿಳಿ ಕೋಟಿನವರು ಆಡುವ ಧೈರ್ಯದ ಮಾತು, ಇಷ್ಟೂ ಸೇರಿದರೆ ಅದು ಪಿಸ್ತೂಲಿನ ಸದ್ದಿಗೇನೂ ಕಡಿಮೆಯಲ್ಲ. 1972ರಲ್ಲಿ ಗಿಡಿಯನ್ ಏರಿಯಲ್ ಮತ್ತು ವಿಲಿಯಂ ಸ್ಯಾವಿಲ್ ಭಾರ ಎತ್ತುವ ಯುವಕರಿಗೆ ಸ್ಟೀರಾಯ್ಡ್ ಎಂದು ಹೇಳಿ ಬರೀ ಪೊಳ್ಳು ಮಾತ್ರೆ ಕೊಟ್ಟಿದ್ದರು. ನಂಬಿ ನುಂಗಿದವರು ಮೊದಲಿಗಿಂತ ಹೆಚ್ಚು ವೇಗವಾಗಿ ಬಲ ಗಳಿಸಿದರು. ಮಾತ್ರೆಯಲ್ಲಾದರೆ ಪೊಳ್ಳು ಯಾವುದು, ನಿಜ ಯಾವುದು ಎಂದು ಮರೆಮಾಚುವುದು ಸುಲಭ. ಬೆನ್ನು ಒತ್ತುವ ಚಿಕಿತ್ಸೆಯಲ್ಲಿ ಅದು ಬಹಳ ಕಷ್ಟ. ಒತ್ತುವವನಿಗೆ ತಾನು ಮಾಡುತ್ತಿರುವುದು ಅಸಲಿಯೋ ಹುಸಿಯೋ ಗೊತ್ತೇ ಇರುತ್ತದೆ, ಮಲಗಿದವನಿಗೂ ಸದ್ದು ಬಂತೇ ಇಲ್ಲವೇ ಎಂಬುದರಿಂದ ಗೊತ್ತಾಗಿಬಿಡುತ್ತದೆ. ಈ ತೊಡಕು ಬಿಡಿಸದೆ ಬಂದ ಯಾವ ಶೇಕಡಾವಾರು ಲೆಕ್ಕವನ್ನೂ ಜಾಹೀರಾತಿನಲ್ಲಿ ಹಾಕಿಕೊಳ್ಳಬಾರದು.

ಈ ಚರ್ಚೆಯಲ್ಲಿ ಅಮೆರಿಕದ ಸೇನೆಯ ಎರಡು ಅಧ್ಯಯನಗಳು ಅಕ್ಕಪಕ್ಕ ಇಟ್ಟು ನೋಡುವಂಥವು. ಮೊದಲನೆಯದರಲ್ಲಿ ವಿಶೇಷ ಕಾರ್ಯಾಚರಣೆ ಪಡೆಯ 175 ಯೋಧರಿದ್ದರು. ಯಾರಿಗೂ ನೋವಿರಲಿಲ್ಲ. ಎರಡು ವಾರಗಳಲ್ಲಿ ನಾಲ್ಕು ಬಾರಿ ಚಿಕಿತ್ಸೆ ಮಾಡಿ, ಅವರು ಎಷ್ಟು ಬೇಗ ಪ್ರತಿಕ್ರಿಯಿಸುತ್ತಾರೆ ಎಂದು ಅಳೆದರು. ಉಳಿದುಕೊಳ್ಳುವಂಥ ಸುಧಾರಣೆ ಏನೂ ಸಿಗಲಿಲ್ಲ. ಎರಡನೆಯದು ಫ್ಲೋರಿಡಾದ ಪೆನ್ಸಕೋಲದ ನೌಕಾಪಡೆ ತರಬೇತಿ ಕೇಂದ್ರದಲ್ಲಿ ನಡೆದು 2020ರಲ್ಲಿ ಪ್ರಕಟವಾಯಿತು. ಅಲ್ಲಿದ್ದ 110 ಮಂದಿಗೂ ಸೊಂಟನೋವಿತ್ತು. ನಾಲ್ಕು ವಾರಗಳ ಆರೈಕೆ ಪಡೆದವರ ಎಳೆಯುವ ಬಲವೂ ತಾಳಿಕೆಯೂ, ಸರದಿಗಾಗಿ ಕಾಯುತ್ತಿದ್ದವರಿಗಿಂತ ಉತ್ತಮವಾದವು. ಕಾಯುತ್ತಿದ್ದವರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲವಾದ್ದರಿಂದ ಈ ಹೋಲಿಕೆ ಅಷ್ಟು ಗಟ್ಟಿಯಾದುದಲ್ಲ. ಆದರೂ ಎರಡನ್ನೂ ಸೇರಿಸಿ ಓದಿದರೆ ಚಿತ್ರ ತಿಳಿಯಾಗುತ್ತದೆ. ನೋವಿದ್ದವನ ಬಲವನ್ನು ನೋವೇ ಕಟ್ಟಿಹಾಕಿರುತ್ತದೆ.

ಕ್ರೀಡಾ ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಮಂಡಿ ಊದಿಕೊಂಡ ಆಟಗಾರನ ತೊಡೆಯ ಮುಂಭಾಗದ ಸ್ನಾಯು, ಅದಕ್ಕೆ ಏನೂ ಪೆಟ್ಟಾಗದಿದ್ದರೂ, ಬಲಹೀನವಾಗುತ್ತದೆ. ಕೀಲಿನ ನೋವು ಬೆನ್ನುಹುರಿಯ ಮಟ್ಟದಲ್ಲೇ ಸ್ನಾಯುವಿಗೆ ತಡೆ ಹಾಕುತ್ತದೆ. ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಎಸ್ತರ್ ಸೂಟರ್ ಮತ್ತು ವಾಲ್ಟರ್ ಹೆರ್ಜಾಗ್ ಅವರ ತಂಡ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆಯೇ ಮಂಡಿನೋವಿದ್ದವರ ಸೊಂಟದ ಕೀಲಿಗೆ ಚಿಕಿತ್ಸೆ ಮಾಡಿ, ತೊಡೆಸ್ನಾಯುವಿನ ಮೇಲಿನ ಆ ತಡೆ ಸ್ವಲ್ಪ ಸಡಿಲವಾಗುವುದನ್ನು ತೋರಿಸಿತ್ತು. ಸೊಂಟನೋವಿನ ವಿಷಯದಲ್ಲಂತೂ ಸಾಕಷ್ಟು ಪುರಾವೆ ಇದೆ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆ 47 ಪ್ರಯೋಗಗಳ, 9,211 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಹಳೆಯ ಸೊಂಟನೋವಿಗೆ ಈ ಚಿಕಿತ್ಸೆ ವ್ಯಾಯಾಮದಂಥ ಶಿಫಾರಸು ಮಾಡಿದ ಉಪಾಯಗಳಷ್ಟೇ ಕೆಲಸ ಮಾಡುತ್ತದೆ ಎಂದಿತು. ಅವುಗಳಷ್ಟೇ, ಮೇಲಲ್ಲ. ಸೊಂಟ ಹಿಡಿದುಕೊಂಡ ಓಟಗಾರ್ತಿಗೆ ತರಬೇತಾದ ಫಿಸಿಯೋ ಒಬ್ಬರು ಪರೀಕ್ಷೆ ಮಾಡಿ, ಬೇರೆ ವ್ಯಾಯಾಮಗಳ ಜೊತೆಗೆ ಇದನ್ನೂ ಮಾಡಿದರೆ ಆಕ್ಷೇಪಿಸುವಂಥದ್ದಿಲ್ಲ. ಅವಳು ಮುಂಚಿನಂತೆ ಓಡಲು ಅದು ನೆರವಾಗಬಹುದು. ಮುಂಚಿಗಿಂತ ವೇಗವಾಗಿ ಓಡಿಸುತ್ತದೆ ಎಂದಾಗ ಮಾತು ದಾರಿ ತಪ್ಪುತ್ತದೆ.

ಬೆನ್ನುಮೂಳೆ ನೆಟ್ಟಗಿದ್ದರೆ ಮಾತ್ರ ವೇಗ ಎಂಬ ನಂಬಿಕೆಗೆ ಉಸೇನ್ ಬೋಲ್ಟ್ ಅವರಿಗಿಂತ ದೊಡ್ಡ ಉತ್ತರ ಬೇಕಿಲ್ಲ. ಅವರ ಬೆನ್ನುಮೂಳೆ ಹುಟ್ಟಿನಿಂದಲೇ ಒಂದು ಕಡೆಗೆ ಬಾಗಿದೆ. ಅದರಿಂದ ಗಾಯಗಳಾಗಿ ಅವರು ವೃತ್ತಿಯ ಆರಂಭದಲ್ಲಿ ಬಹಳ ನರಳಿದರು. ಕೋಚ್ ಗ್ಲೆನ್ ಮಿಲ್ಸ್ ಅವರ ಗರಡಿಯಲ್ಲಿ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳನ್ನು ಗಟ್ಟಿಮಾಡಿಕೊಳ್ಳುವ ಬೇಸರದ ವ್ಯಾಯಾಮಗಳನ್ನು ವರ್ಷಗಟ್ಟಲೆ ಮಾಡಿದರು. ಬಾಗಿದ ಬೆನ್ನು ಬಾಗಿದಂತೆಯೇ ಇತ್ತು, 2009ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಅದೇ ಬೆನ್ನಿನೊಂದಿಗೆ 9.58 ಸೆಕೆಂಡಿನಲ್ಲಿ ನೂರು ಮೀಟರ್ ಮುಗಿಸಿದರು.

ಬಲ ಹೆಚ್ಚಿತು ಎಂದು ಆಟಗಾರರನ್ನು ನಂಬಿಸುವ ಇನ್ನೊಂದು ವಿಧಾನದ ಬಗ್ಗೆಯೂ ಪೋಷಕರು ತಿಳಿದಿರಬೇಕು. ಡೆಟ್ರಾಯ್ಟ್‌ನ ಕೈರೋಪ್ರಾಕ್ಟರ್ ಜಾರ್ಜ್ ಗುಡ್‌ಹಾರ್ಟ್ 1964ರಲ್ಲಿ ಹುಟ್ಟುಹಾಕಿದ ಸ್ನಾಯು ಪರೀಕ್ಷೆ ಅದು. ಆಟಗಾರ ತೋಳನ್ನು ಪಕ್ಕಕ್ಕೆ ಚಾಚಿ ನಿಲ್ಲುತ್ತಾನೆ, ಪರೀಕ್ಷಿಸುವವರು ಒತ್ತುತ್ತಾರೆ, ತೋಳು ಕುಸಿಯುತ್ತದೆ. ಬೆನ್ನಿನ ಲಟಿಕೆ ಮುರಿದು ಮತ್ತೆ ಒತ್ತಿದಾಗ ತೋಳು ಅಲುಗುವುದಿಲ್ಲ. ನೋಡುವವರ ಕಣ್ಣಿಗೆ ಪವಾಡ. ಎರಡನೇ ಸಲ ಒತ್ತುವ ಕೈ ಒಂದಿಷ್ಟು ದೇಹದ ಕಡೆಗೆ ಸರಿದಿದ್ದರೆ, ಅಥವಾ ಒತ್ತು ಕೊಂಚ ನಿಧಾನವಾಗಿದ್ದರೆ, ಒತ್ತಿದವರಿಗೇ ಅರಿವಿಲ್ಲದೆ ಫಲಿತಾಂಶ ಬದಲಾಗುತ್ತದೆ. ಪರೀಕ್ಷಕರಿಗೂ ಆಟಗಾರನಿಗೂ ವಿವರ ತಿಳಿಸದೆ ನಡೆಸಿದ ಪರೀಕ್ಷೆಗಳಲ್ಲಿ ಈ ವಿಧಾನ ನಾಣ್ಯ ಚಿಮ್ಮಿ ನೋಡುವುದಕ್ಕಿಂತ ಉತ್ತಮವೆನಿಸಲಿಲ್ಲ. ಆದರೂ ಗುಡ್‌ಹಾರ್ಟ್ 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ಗೆ ಅಮೆರಿಕ ತಂಡದ ಅಧಿಕೃತ ಕೈರೋಪ್ರಾಕ್ಟರ್ ಆಗಿ ಹೋದರು. ಮುಂದೆ 'ಪವರ್ ಬ್ಯಾಲೆನ್ಸ್' ಎಂಬ ರಬ್ಬರ್ ಕೈಪಟ್ಟಿ ಮಾರಿದವರು ಅಂಗಡಿ ಅಂಗಡಿಗಳಲ್ಲಿ ತೋರಿಸಿದ್ದೂ ಇದೇ ತೋಳು ಒತ್ತುವ ಪ್ರದರ್ಶನದ ಬೇರೆ ರೂಪ. ಶಕೀಲ್ ಓನೀಲ್ ಅವರಂಥ ತಾರೆಯರು ಅದನ್ನು ಧರಿಸಿದ್ದರು. 2010ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಆಯೋಗದ ಮುಂದೆ ಕಂಪನಿ ತನ್ನ ಹೇಳಿಕೆಗಳಿಗೆ ನಂಬತಕ್ಕ ವೈಜ್ಞಾನಿಕ ಆಧಾರವಿಲ್ಲ ಎಂದು ಒಪ್ಪಿಕೊಂಡು, ಬಯಸಿದವರಿಗೆ ಹಣ ಮರಳಿಸಬೇಕಾಯಿತು.

ಲಾಭ ಇಲ್ಲದಿದ್ದರೂ ನಷ್ಟವಂತೂ ಇಲ್ಲವಲ್ಲ ಎನ್ನುವವರು 2024ರ ಬಳ್ಳಾರಿಯ ಸುದ್ದಿಯನ್ನು ನೆನಪಿಸಿಕೊಳ್ಳಬೇಕು. ಮೂವತ್ತು ವರ್ಷದ ಯುವಕ ಸಲೂನಿನಲ್ಲಿ ತಲೆಗೆ ಮಸಾಜ್ ಮಾಡಿಸಿಕೊಂಡ. ಕೊನೆಗೆ ಕ್ಷೌರಿಕ ಕುತ್ತಿಗೆಯನ್ನು ಜೋರಾಗಿ ತಿರುಚಿದ. ಮನೆಗೆ ಬಂದ ಕೆಲವು ಗಂಟೆಗಳಲ್ಲಿ ಮಾತು ತೊದಲಿತು, ಎಡಭಾಗದ ಬಲ ಹೋಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ನೋಡಿದಾಗ ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿತ್ತು. ಆತ ಚೇತರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಕ್ಷೌರಿಕನ ಕೈಗೂ ತರಬೇತಾದ ಚಿಕಿತ್ಸಕರ ಕೈಗೂ ವ್ಯತ್ಯಾಸವಿದೆ, ನಿಜ. ಆದರೆ ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಮಣಿಗಳ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ, ತಲೆ ತಿರುಗಿದಾಗ ಮೇಲಿನ ಎರಡು ಮಣಿಗಳ ಬಳಿ ಅವು ಎಳೆದುಕೊಳ್ಳುತ್ತವೆ. ದೇಹರಚನೆ ಯಾರ ಪದವಿಯನ್ನೂ ನೋಡುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ, ಇಂಥ ಪಾರ್ಶ್ವವಾಯುವಿಗೆ ತುತ್ತಾದವರು ಅದಕ್ಕೆ ಮುನ್ನ ಕೈರೋಪ್ರಾಕ್ಟರ್ ಬಳಿ ಹೋದಂತೆ ಸಾಮಾನ್ಯ ವೈದ್ಯರ ಬಳಿಗೂ ಹೋಗಿದ್ದರು ಎಂದಿತು. ರಕ್ತನಾಳ ಮೊದಲೇ ಹರಿಯತೊಡಗಿ, ಅದರಿಂದ ಹುಟ್ಟಿದ ಕುತ್ತಿಗೆ ನೋವಿಗೆ ಅವರು ಚಿಕಿತ್ಸೆ ಹುಡುಕಿ ಹೊರಟಿರಬಹುದು ಎಂಬುದು ಅದರ ವಿವರಣೆ. ಅದನ್ನು ಒಪ್ಪಿದರೂ, ಹರಿಯುತ್ತಿರುವ ನಾಳವಿರುವ ಕುತ್ತಿಗೆಯನ್ನು ತಿರುಚುವುದು ಇನ್ನೂ ಅಪಾಯ. ಅಪಾಯ ಅಪರೂಪದ್ದೇ. ತಲೆ ಎತ್ತಲಾಗದಷ್ಟು ನೋವಿರುವವನು ಅಪರೂಪದ ಅಪಾಯವನ್ನು ಒಪ್ಪಿಕೊಳ್ಳುವುದಕ್ಕೆ ಅರ್ಥವಿದೆ. ಏನೂ ನೋವಿಲ್ಲದ ಹದಿನಾರರ ಹುಡುಗಿ, ಸಾಬೀತಾಗದ ಲಾಭಕ್ಕಾಗಿ ಅದನ್ನು ಒಪ್ಪಿಕೊಳ್ಳುವುದಕ್ಕೆ ಇಲ್ಲ.

ವೇಗದ ಬೌಲರ್‌ಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಚೆಂಡು ಎಸೆಯುವಾಗ ಮುಂಗಾಲು ನೆಲಕ್ಕೆ ಅಪ್ಪಳಿಸುತ್ತದೆ, ಅದೇ ಕ್ಷಣಕ್ಕೆ ಸೊಂಟ ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಗುತ್ತದೆ. ದಿನದಿನವೂ ಇದೇ ಆದರೆ ಸೊಂಟದ ಕೆಳಗಿನ ಮಣಿಗಳ ಹಿಂಬದಿಯ ತೆಳುವಾದ ಮೂಳೆಯಲ್ಲಿ, ಸಾಮಾನ್ಯವಾಗಿ ಚೆಂಡು ಎಸೆಯುವ ಕೈಗೆ ಎದುರು ಬದಿಯಲ್ಲಿ, ಕೂದಲೆಳೆಯ ಬಿರುಕು ಬೀಳುತ್ತದೆ. ಜಸ್‌ಪ್ರೀತ್ ಬೂಮ್ರಾ ಅವರನ್ನು 2022ರ ಟಿ20 ವಿಶ್ವಕಪ್‌ನಿಂದ ಹೊರಗಿಟ್ಟದ್ದು ಬೆನ್ನಿನದೇ ತೊಂದರೆ, 2023ರ ಮಾರ್ಚ್‌ನಲ್ಲಿ ಅವರು ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕರ್ನಾಟಕದ ಪ್ರಸಿದ್ಧ ಕೃಷ್ಣ ಸೊಂಟದ ಮೂಳೆಯ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದಾಗಿ 2023ರ ಐಪಿಎಲ್ ಪೂರ್ತಿ ತಪ್ಪಿಸಿಕೊಂಡರು. ಇಬ್ಬರೂ ಮರಳಿದ್ದು ಆ ಆಗಸ್ಟ್‌ನ ಐರ್ಲೆಂಡ್ ಸರಣಿಯಲ್ಲಿ. ನಡುವೆ ಕಳೆದದ್ದು ತಿಂಗಳುಗಟ್ಟಲೆಯ ವಿಶ್ರಾಂತಿ, ವ್ಯಾಯಾಮ, ಅಳೆದು ತೂಗಿ ಹೆಚ್ಚಿಸಿದ ಬೌಲಿಂಗ್. ಅವರ ಸುತ್ತ ವೈದ್ಯರೂ ಎಂಆರ್‌ಐ ಯಂತ್ರಗಳೂ ಇದ್ದವು. ಜಿಲ್ಲಾ ಮಟ್ಟದ ಹುಡುಗನಿಗೆ ಆ ಅನುಕೂಲವಿಲ್ಲ. ಅವನ ಸೊಂಟನೋವು ಆರಂಭದಲ್ಲಿ ಮಾಮೂಲಿ ಹಿಡಿತದಂತೆಯೇ ಇರುತ್ತದೆ, ಎಕ್ಸ್‌ರೇಯಲ್ಲಿ ಬಿರುಕು ಹಲವು ಬಾರಿ ಕಾಣುವುದೂ ಇಲ್ಲ. ಅದನ್ನು ಹಿಡಿತವೆಂದು ತಿಳಿದು ತಿರುಚಿ ಲಟಿಕೆ ತೆಗೆಸಿ, ನೋವು ಒಂದು ಗಂಟೆ ಕಡಿಮೆಯಾಯಿತೆಂದು ಮತ್ತೆ ನೆಟ್ಸ್‌ಗೆ ಇಳಿಸಿದರೆ, ಆರು ತಿಂಗಳಲ್ಲಿ ಕೂಡಬಹುದಾಗಿದ್ದ ಮೂಳೆ ಕೂಡದೇ ಉಳಿಯಬಹುದು. ಬೆನ್ನು ನೋವೆಂದು ಬಂದ ಯಾವ ಹದಿಹರೆಯದ ವೇಗದ ಬೌಲರ್‌ನನ್ನೂ ಪರೀಕ್ಷೆಯಿಲ್ಲದೆ ಮೇಜಿನ ಮೇಲೆ ಮಲಗಿಸಬಾರದು.

ನಮ್ಮಲ್ಲಿ ಕೈರೋಪ್ರಾಕ್ಟರ್‌ಗಳನ್ನು ನೋಂದಾಯಿಸುವ ಪ್ರತ್ಯೇಕ ಮಂಡಳಿ ಇಲ್ಲ. ನಾಲ್ಕು ವರ್ಷ ವಿದೇಶದಲ್ಲಿ ಕಲಿತು ಬಂದವರೂ ವಾರಾಂತ್ಯದ ಶಿಬಿರದಲ್ಲಿ ಕಲಿತವರೂ ಒಂದೇ ಬಗೆಯ ಫಲಕ ಹಾಕಿಕೊಳ್ಳಬಹುದು. ಕಾನೂನು ಬರುವವರೆಗೆ ಕಾಯುವ ಅಗತ್ಯ ಕ್ರೀಡಾ ಸಂಸ್ಥೆಗಳಿಗಿಲ್ಲ. ಹದಿನೆಂಟು ತುಂಬದವರ ಕುತ್ತಿಗೆಗೆ ಈ ಚಿಕಿತ್ಸೆ ಬೇಡ ಎಂದು ರಾಜ್ಯದ ಕ್ರೀಡಾ ಹಾಸ್ಟೆಲ್‌ಗಳು ಇಂದೇ ನಿಯಮ ಮಾಡಬಹುದು. ಕೋಚ್‌ಗಳು ಚಿಕಿತ್ಸಾಲಯಗಳ ಹೆಸರು ಸೂಚಿಸುವಾಗ ಅಲ್ಲಿಂದ ತಮಗೇನಾದರೂ ಬರುತ್ತದೆಯೇ ಎಂದು ಪೋಷಕರ ಮುಂದೆ ಹೇಳಬೇಕು. ಈ ಚಿಕಿತ್ಸೆಗೆ ಕೊಡುವ ಹಣವನ್ನು ಬೇರೆಲ್ಲಿ ಹಾಕಬಹುದು ಎಂಬುದಕ್ಕೂ ಉತ್ತರವಿದೆ. ಮಂಡಿಯೂರಿ, ಪಾದ ಹಿಡಿಸಿಕೊಂಡು, ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ನಾರ್ಡಿಕ್ ವ್ಯಾಯಾಮವನ್ನು ಸೇರಿಸಿದ ತಂಡಗಳಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ಗಾಯಗಳು ಅರ್ಧದಷ್ಟು ಕಡಿಮೆಯಾದದ್ದನ್ನು ಎಂಟು ಸಾವಿರಕ್ಕೂ ಹೆಚ್ಚು ಆಟಗಾರರ ಮಾಹಿತಿ ಹೇಳುತ್ತದೆ. ಅದಕ್ಕೆ ಬೇಕಾದದ್ದು ಒಂದು ಚಾಪೆ, ಪಾದ ಹಿಡಿಯಲು ಒಬ್ಬ ಗೆಳೆಯ.

ಬಲದ ಪ್ರಶ್ನೆಗೆ ಇನ್ನೂ ಗಟ್ಟಿ ಉತ್ತರ ಬೇಕೆನ್ನುವವರು ಅದನ್ನು ಬೆಂಗಳೂರಿನಲ್ಲೇ ಪಡೆಯಬಹುದು. ಇಲ್ಲಿ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ, ನೂರಾರು ವಯಸ್ಕ ಅಥ್ಲೀಟ್‌ಗಳಿದ್ದಾರೆ, ನರಶರೀರಶಾಸ್ತ್ರದ ಅಳತೆಗಳನ್ನು ಬಲ್ಲ ನಿಮ್ಹಾನ್ಸ್ ಇದೆ. ಪ್ರಯೋಗದ ವಿಧಾನವನ್ನು ಐಸಿಎಂಆರ್‌ನ ಪ್ರಯೋಗ ನೋಂದಣಿಯಲ್ಲಿ ಮೊದಲೇ ಬರೆದಿಡಬೇಕು, ಫಲಿತಾಂಶ ನೋಡಿಕೊಂಡು ಪ್ರಶ್ನೆ ಬದಲಿಸುವಂತಿರಬಾರದು. ಓಟಗಾರರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಅಸಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರಂತೆಯೇ ತೋರುವ ಹುಸಿ ಚಿಕಿತ್ಸೆ, ಮೂರನೆಯದಕ್ಕೆ ಅಷ್ಟೇ ಹೊತ್ತಿನ ಮಾಮೂಲಿ ವಾರ್ಮ್‌ಅಪ್ ಕೊಡಬೇಕು. ಸಮಯ ಅಳೆಯುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿಯಬಾರದು. ಚಿಕಿತ್ಸೆಯಾದ ಕೂಡಲೇ, ಒಂದು ಗಂಟೆಗೆ ಮತ್ತು ಮರುದಿನ, ಮೂರು ಸಲ ಓಡಿಸಿ ವಿದ್ಯುನ್ಮಾನ ಗಡಿಯಾರದಲ್ಲಿ ಅಳೆಯಬೇಕು. ತಮಗೆ ಸಿಕ್ಕಿದ್ದು ಅಸಲಿಯೋ ಹುಸಿಯೋ ಎಂದು ಪ್ರತಿಯೊಬ್ಬ ಓಟಗಾರನನ್ನೂ ಕೇಳಿ, ಅವನ ಊಹೆಯನ್ನು ಅವನ ಸಮಯದ ಪಕ್ಕದಲ್ಲೇ ಬರೆದಿಡಬೇಕು.